ಗರಿಯ ಟೋಪಿಯೂ 12 ಕೋಟುಗಳೂ

ಬೆಳ್ತಂಗಡಿಯ ಓದುಗರೊಬ್ಬರು ಬರೆದಿದ್ದಾರೆ: 'ಅಮೆರಿಕದ ನೈಟ್ಸ್ ಆಫ್ ಕೊಲಂಬಸ್ ಎಂಬ ಕ್ಯಾಥೊಲಿಕ್ ಸಂಘದವರು ಕತ್ತಿ ಹಿಡಿದು, ಗರಿಯ ಟೋಪಿ ತೊಟ್ಟು ನಿಂತ ಚಿತ್ರ ನೋಡಿದೆ. ಬಡವರಿಗೆ ನೆರವಾಗಲು ಈ ವೇಷ ಯಾಕೆ? ಒಳ್ಳೆಯ ಮನಸ್ಸಿದ್ದರೆ ಸಾಲದೆ?'

ವೇಷದ ಮಾತು ಒಪ್ಪಿದೆ. ಆ ಉಡುಪು ಅವರಲ್ಲಿ ನಾಲ್ಕನೇ ದರ್ಜೆಯ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ, ಸದಸ್ಯರಿಗೆ ಮಾತ್ರ. ಗರಿಯ ಟೋಪಿ, ಕೇಪ್ ಬಿಟ್ಟು ಬೆರೆಟ್ ಟೋಪಿ, ನೀಲಿ ಬ್ಲೇಜರ್ ತೊಡಬೇಕೆಂದು 2017ರಲ್ಲಿ ಸಂಘವೇ ಹೇಳಿತು. ಹಳಬರಿಗೆ ಬೇಸರವೂ ಆಯಿತು. ಆದರೆ ನಿಮ್ಮ ಎರಡನೇ ಪ್ರಶ್ನೆಗೆ ತಲೆಯಾಡಿಸಲಾರೆ. ಮನಸ್ಸೊಂದೇ ಸಾಲದು ಸ್ವಾಮೀ, ಲೆಕ್ಕವೂ ಬೇಕು.

1882ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಈ ಸಂಘ ಕಟ್ಟಿದ ಫಾದರ್ ಮೈಕೆಲ್ ಮೆಕ್‌ಗಿವ್ನಿಗೆ ಆಗಿನ್ನೂ 29 ವರ್ಷ. ದುಡಿಯುವ ಗಂಡ ಸತ್ತರೆ ಸಂಸಾರವೇ ಚೆದುರಿಹೋಗುತ್ತಿದ್ದ ಕಾಲ. ತಂದೆ ಸತ್ತ ಒಬ್ಬ ಹುಡುಗನಿಗೆ ನ್ಯಾಯಾಲಯದಲ್ಲಿ ಅವರೇ ಪೋಷಕರಾದರು. ಹಾಗೆ ಎಷ್ಟು ಮನೆಗೆ ನಿಲ್ಲಲಾದೀತು? ಅದಕ್ಕೇ ಸಂಘದ ಬುನಾದಿಯಲ್ಲೇ ವಿಮೆ ಇಟ್ಟರು: ಸದಸ್ಯ ಸತ್ತರೆ ಉಳಿದವರ ವಂತಿಗೆಯಿಂದ ವಿಧವೆಗೆ ಹಣ. ಅದು ಭಿಕ್ಷೆಯಲ್ಲ, ಹಕ್ಕು.

ಇಂದಿಗೂ ಚಳಿಗಾಲಕ್ಕೆ ಮಕ್ಕಳಿಗೆ ಕೋಟು ಹಂಚುತ್ತಾರೆ. ಹಳೆಯದಲ್ಲ, ಹೊಸದು. ಪೆಟ್ಟಿಗೆಗೆ 12, ಹುಡುಗರದ್ದು ಬೇರೆ, ಹುಡುಗಿಯರದ್ದು ಬೇರೆ. ಶಾಲೆಯಿಂದ ಮೊದಲೇ ಅಳತೆ ತರಿಸದಿದ್ದರೆ ದೊಡ್ಡ ಮಕ್ಕಳ ಕೋಟು ಮುಗಿದು ಚಿಕ್ಕವು ಉಳಿಯುತ್ತವೆ. ಒಳಗೆ ಸ್ವೆಟರ್ ಹಾಕುವುದರಿಂದ ಒಂದು ಅಳತೆ ದೊಡ್ಡದೇ ಕೊಡಬೇಕು.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಕ್ಯಾಥೊಲಿಕರಿಗೆ ಮಾಂಸ ವರ್ಜ್ಯ, ಮೀನು ತಿನ್ನಬಹುದು. ಆಗ ಚರ್ಚಿನ ಸಭಾಂಗಣದಲ್ಲಿ ಮೀನು ಕರಿದು ಮಾರಿ ಹಣ ಕೂಡಿಸುತ್ತಾರೆ. ಎಣ್ಣೆ ಸುಮಾರು 190 ಡಿಗ್ರಿ ಸೆಲ್ಸಿಯಸ್ ಇರಬೇಕು. ಸಾಲು ಬೆಳೆಯಿತೆಂದು ಬುಟ್ಟಿ ತುಂಬ ಮೀನು ಇಳಿಬಿಟ್ಟರೆ ಶಾಖ ಇಳಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ಹೆಪ್ಪುಗಟ್ಟಿದ ಮೀನನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಕರಗಿಸಿ, ನೀರು ಒರೆಸದಿದ್ದರೆ ಎಣ್ಣೆ ಸಿಡಿಯುತ್ತದೆ, ಹಿಟ್ಟು ಕಳಚುತ್ತದೆ. ಇದನ್ನು ಬಲ್ಲ ಕೈಯನ್ನು ನಾನು ಕತ್ತಿ ಹಿಡಿದ ಕೈಗಿಂತ ಹೆಚ್ಚು ಗೌರವಿಸುತ್ತೇನೆ.

ನಮ್ಮಲ್ಲಿ? ನೆರೆ ಬಂದ ಊರಿಗೆ ಹರಿದ ಸೀರೆ, ಜೋಡಿಯಿಲ್ಲದ ಚಪ್ಪಲಿ ಲಾರಿ ತುಂಬಿ ಹೋಗುತ್ತವೆ. ಅದನ್ನು ವಿಂಗಡಿಸಲು ಮನೆ ಕಳೆದುಕೊಂಡವರೇ ಕೂರಬೇಕು. ಒಳಉಡುಪು, ಸ್ಯಾನಿಟರಿ ಪ್ಯಾಡು ಕಳಿಸಬೇಕೆಂದು ಎಷ್ಟು ಜನಕ್ಕೆ ಹೊಳೆಯುತ್ತದೆ? ಫ್ಲೆಕ್ಸ್ ಮಾತ್ರ ಮೊದಲೇ ಅಚ್ಚಾಗಿರುತ್ತದೆ.

ನಿಮ್ಮೂರಿನ ಸಂಘ ಈ ಸಲ ಕಂಬಳಿ ಹಂಚುವ ಮೊದಲು ಮನೆಮನೆಗೆ ಹೋಗಿ ತಲೆ ಎಣಿಸಲಿ. ನೀವೇ ಜೊತೆಗೆ ಹೋಗಿ ಬನ್ನಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇನೆ.

-ಸಂ.