ಹೇಳದೆ ಉಳಿದ ಮಾತ್ರೆ: ಕ್ಲೋಜಪಿನ್ ಜೊತೆ ಸಿಪ್ರೋಫ್ಲಾಕ್ಸಾಸಿನ್ ಸೇರಿದ ಒಂದು ಪ್ರಕರಣ

(ಗುರುತು ಸಿಗದಿರಲೆಂದು ಊರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ನಮಗೆ ಕರೆ ಮಾಡಿದವರು ರೋಗಿಯ ಅತ್ತಿಗೆ. ಸ್ಕಿಜೋಫ್ರೇನಿಯಾಗೆ (ಇಲ್ಲದ ಧ್ವನಿಗಳು ಕೇಳಿಸುವಂಥ ಮಾನಸಿಕ ಕಾಯಿಲೆ) ಚಿಕಿತ್ಸೆ ಪಡೆಯುತ್ತಿರುವುದು ಅವರ ನಾದಿನಿ, 34 ವರ್ಷ. ಬೇರೆ ಎರಡು ಔಷಧಗಳಿಂದ ಗುಣ ಕಾಣದೆ ನಾಲ್ಕು ವರ್ಷದ ಹಿಂದೆ ಕ್ಲೋಜಪಿನ್ ಶುರುವಾಗಿತ್ತು. ಬೆಳಿಗ್ಗೆ 50, ರಾತ್ರಿ 200, ದಿನಕ್ಕೆ ಒಟ್ಟು 250 ಮಿಲಿಗ್ರಾಂ. ಅದರಲ್ಲೇ ಚೆನ್ನಾಗಿದ್ದರು, ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು.

"ಮೇಡಂ, ನಿನ್ನೆಯಿಂದ ಏಳ್ತಾನೇ ಇಲ್ಲ. ದಿಂಬೆಲ್ಲ ಜೊಲ್ಲು. ಬೆಳಿಗ್ಗೆ ಕಾಫಿ ಲೋಟ ಕೊಟ್ರೆ ಕೈ ಜಗ್ಗಿ ಕೆಳಗೆ ಬಿತ್ತು. ಮಾತ್ರೆ ಜಾಸ್ತಿ ಆಗಿದೆ, ನಿಲ್ಲಿಸಿಬಿಡು ಅಂತಾರೆ ಅತ್ತೆ. ನಿಲ್ಲಿಸಲಾ?"

ಇಂಥ ಕರೆ ಬಂದಾಗ ನಾವು ಮೊದಲು ಕೇಳುವುದು ಒಂದೇ: ಈ ವಾರ ಹೊಸದಾಗಿ ಏನು ಸೇರಿತು, ಏನು ನಿಂತಿತು? ಹೊಸದೇನೂ ಇಲ್ಲ ಎಂದರು. ಜ್ವರ, ಕೆಮ್ಮು, ಹಲ್ಲುನೋವು, ಉರಿಮೂತ್ರ ಎಂದು ಒಂದೊಂದನ್ನೇ ಕೇಳುತ್ತ ಹೋದಾಗ ಉರಿಮೂತ್ರದ ಹತ್ತಿರ ನಿಂತರು. ಮೂರು ದಿನದ ಹಿಂದೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದಿದ್ದರು, ವೈದ್ಯರ ಚೀಟಿ ಇಲ್ಲದೆ. ಸ್ಟ್ರಿಪ್ ತಂದು ಓದಿ ಎಂದೆವು. ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ಆರು ಮಾತ್ರೆಯ ತುಂಡು, ಅದರಲ್ಲಿ ಒಂದು ಉಳಿದಿತ್ತು. ಹೆಸರಿನ ಮೊದಲರ್ಧ ಅಂಗಡಿಯಲ್ಲೇ ಉಳಿದು, ಹಾಳೆಯ ಹಿಂದೆ "...ಫ್ಲಾಕ್ಸಾಸಿನ್ 500" ಎಂಬಷ್ಟೇ ಇತ್ತು. ಲಿವೋಫ್ಲಾಕ್ಸಾಸಿನ್ ಕೂಡ 500ರಲ್ಲಿ ಬರುತ್ತದೆ, ಆದರೆ ಸಾಮಾನ್ಯವಾಗಿ ದಿನಕ್ಕೊಂದು. ಇವರು ಎರಡು ಹೊತ್ತು ತೆಗೆದುಕೊಂಡಿದ್ದರು. ಅಂಗಡಿಗೆ ಫೋನ್ ಮಾಡಿಸಿದಾಗ ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಎಂದು ಖಚಿತವಾಯಿತು.

ಅಂಗಡಿಯವರು ಕೇಳದೆ ಇರಲಿಲ್ಲ. "ಬೇರೆ ಮಾತ್ರೆ ಏನಾದ್ರೂ ತಗೋತಾರಾ?" ಎಂದಿದ್ದಕ್ಕೆ "ಬಿಪಿ, ಶುಗರ್ ಏನೂ ಇಲ್ಲ" ಎಂದು ಉತ್ತರ ಹೋಗಿತ್ತು. ಅಂಗಡಿಯಲ್ಲಿ ಗುರುತಿನವರಿದ್ದರಂತೆ. ತಲೆಯ ಕಾಯಿಲೆ ಎಂದು ಊರಿಗೆಲ್ಲ ಗೊತ್ತಾದರೆ ಎಂಬ ಅಂಜಿಕೆ. ಈ ಅಂಜಿಕೆಯನ್ನು ನಾವು ತಪ್ಪೆಂದು ಗದರುವುದಿಲ್ಲ, ಅದಕ್ಕೆ ಕಾರಣ ಇದೆ. ಆದರೆ ಇಲ್ಲಿ ಅಪಾಯ ಒಳಗೆ ಬಂದದ್ದು ಅದೇ ಬಾಗಿಲಿನಿಂದ.

ಕ್ಲೋಜಪಿನ್ ದೇಹದಲ್ಲಿ ಕರಗಿಹೋಗುವುದು ಬಹುಪಾಲು ಲಿವರಿನ ಸಿವೈಪಿ1ಎ2 ಎಂಬ ಕಿಣ್ವದಿಂದ. ಸಿಪ್ರೋಫ್ಲಾಕ್ಸಾಸಿನ್ ಆ ಕಿಣ್ವವನ್ನೇ ತಡೆಯುತ್ತದೆ. ಅತ್ತಿಗೆಗೆ ಹೀಗೆ ಹೇಳಿದೆವು: ಬಚ್ಚಲಿಗೆ ದಿನವೂ ಹಾಕುವಷ್ಟೇ ನೀರು ಹಾಕುತ್ತಿದ್ದೀರಿ, ಆದರೆ ಮೋರಿ ಕಟ್ಟಿಕೊಂಡಿದೆ, ನೀರು ಏರುತ್ತಿದೆ. ಮಾತ್ರೆ ಹೆಚ್ಚು ನುಂಗಿಲ್ಲ, ರಕ್ತದಲ್ಲಿ ಹೆಚ್ಚಾಗಿದೆ. ಅತಿಯಾದ ನಿದ್ದೆ, ಜೊಲ್ಲು, ತೊದಲು, ಎದ್ದರೆ ತಲೆಸುತ್ತು ಎಲ್ಲ ಅದರಿಂದಲೇ. ನಮ್ಮನ್ನು ಹೆಚ್ಚು ಹೆದರಿಸಿದ್ದು ಆ ಕಾಫಿ ಲೋಟ. ಕೈ ಹಠಾತ್ತನೆ ಜಗ್ಗುವುದು ಫಿಟ್ಸ್‌ಗೆ ಮುನ್ಸೂಚನೆ ಇರಬಹುದು, ಕ್ಲೋಜಪಿನ್ ಮಟ್ಟ ಏರಿದಷ್ಟೂ ಫಿಟ್ಸ್ ಅಪಾಯ ಏರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಔಷಧ ವಿವರದಲ್ಲಿ, ಸಿಪ್ರೋಫ್ಲಾಕ್ಸಾಸಿನ್ ಕೊಡಲೇಬೇಕಾದರೆ ಕ್ಲೋಜಪಿನನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು ಎಂದಿದೆ. ಅಷ್ಟು ಗಟ್ಟಿ ತಡೆ ಅದು.

ಸೋಂಕು ಜೋರಾಗಿ ಜ್ವರ ಬಂದರೂ ಇದೇ ಕಿಣ್ವ ನಿಧಾನವಾಗುತ್ತದೆ. ಹಾಗಾಗಿ ಹೊಂದುವ ಆ್ಯಂಟಿಬಯಾಟಿಕ್ ಸಿಕ್ಕಿತೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಹೊಗೆ ಈ ಕಿಣ್ವವನ್ನು ಚುರುಕಾಗಿಸಿರುತ್ತದೆ. ಕಾಯಿಲೆ ಬಿದ್ದು ಸೇದುವುದು ನಿಂತರೆ ಆ ಚುರುಕೂ ಹೋಗಿ ಮಟ್ಟ ಇನ್ನಷ್ಟು ಏರುತ್ತದೆ. ನಿಕೋಟಿನ್ ಗಮ್ ಜಗಿದರೂ ಇದು ತಪ್ಪದು, ಏಕೆಂದರೆ ಕೆಲಸ ಮಾಡುತ್ತಿದ್ದುದು ಹೊಗೆ, ನಿಕೋಟಿನ್ ಅಲ್ಲ.

ಕೊಟ್ಟ ಸಲಹೆ ಹೀಗಿತ್ತು. ಉಳಿದ ಆ ಒಂದು ಮಾತ್ರೆ ನುಂಗಿಸಬೇಡಿ. ಕ್ಲೋಜಪಿನನ್ನು ನೀವಾಗಿ ನಿಲ್ಲಿಸಲೂಬೇಡಿ, ರಾತ್ರಿಯ ಡೋಸ್ ಹೊತ್ತಿಗೆ ಮುಂಚೆಯೇ ವೈದ್ಯರನ್ನು ಕಾಣಿ. 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕ್ಲೋಜಪಿನ್ ತಪ್ಪಿದರೆ ಹಳೆಯ ಡೋಸಿಗೆ ನೇರ ಮರಳುವಂತಿಲ್ಲ. 12.5 ಮಿಲಿಗ್ರಾಂನಿಂದ, ಅಂದರೆ 25ರ ಮಾತ್ರೆಯ ಅರ್ಧದಿಂದ, ಮತ್ತೆ ಮೆಟ್ಟಿಲು ಹತ್ತಬೇಕು. ಆ ನಡುವೆ ಕಾಯಿಲೆ ಮರುಕಳಿಸುವ ಭಯ ಬೇರೆ. ಒಬ್ಬರನ್ನೇ ಬಚ್ಚಲಿಗೆ ಕಳಿಸಬೇಡಿ, ಮಲಗಿದಲ್ಲಿಂದ ಮೊದಲು ಕೂರಿಸಿ, ಆಮೇಲೆ ಎಬ್ಬಿಸಿ. ತೂಕಡಿಸುವಾಗ ಬಾಯಿಗೆ ಊಟ ತುರುಕಬೇಡಿ, ಶ್ವಾಸನಾಳಕ್ಕೆ ಹೋದೀತು. ಎಬ್ಬಿಸಿದರೂ ಎಚ್ಚರವಾಗದಿದ್ದರೆ, ಫಿಟ್ಸ್ ಬಂದರೆ, ಎದೆನೋವು ಅಥವಾ ಉಸಿರುಗಟ್ಟುವಿಕೆ ಇದ್ದರೆ ಫೋನ್ ಮಾಡುತ್ತ ಕೂರದೆ 108 ಕರೆಯಿರಿ.

ಮಲವಿಸರ್ಜನೆ ಯಾವಾಗ ಆಯಿತು ಎಂದು ಕೇಳಿದೆವು. ನಾಲ್ಕು ದಿನವಾಗಿತ್ತು, ಯಾರೂ ಗಮನಿಸಿರಲಿಲ್ಲ. ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಮಲಬದ್ಧತೆ ಪ್ರಾಣಕ್ಕೇ ಬರಬಹುದು. ಕರುಳಿನ ಚಲನೆಯೇ ನಿಂತುಹೋಗುವುದುಂಟು, ಮಟ್ಟ ಏರಿದಾಗ ಇನ್ನೂ ಹೆಚ್ಚು. ಹೊಟ್ಟೆ ಉಬ್ಬಿ ಬಿಗಿದು, ಗಾಳಿಯೂ ಹೋಗದೆ ವಾಂತಿಯಾದರೆ ಅದು ತುರ್ತು. ಇಸಬ್ಗೋಲ್ ಒಂದನ್ನೇ ನಂಬಬೇಡಿ, ಕರುಳು ನಿಧಾನವಾಗಿರುವಾಗ ಅದು ಒಳಗೇ ಕಟ್ಟಿಕೊಳ್ಳಬಹುದು. ಯಾವ ಭೇದಿ ಔಷಧ ಎಂದು ವೈದ್ಯರನ್ನೇ ಕೇಳಿ.

ಅಂದು ಸಂಜೆ ಮನೋವೈದ್ಯರು ನೋಡಿದರು. ನಾಡಿ 116, ಬಿಪಿ 90/60, ಜ್ವರ ಇರಲಿಲ್ಲ. ಇಸಿಜಿ ಮತ್ತು ರಕ್ತದ ಬಿಳಿಕಣಗಳ ಎಣಿಕೆ ಸರಿಯಿತ್ತು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು ಬಂದಾಗ ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿಕಣ) ಎಣಿಕೆ ಅದೇ ದಿನ ಆಗಬೇಕು. ಸೋಂಕಿಗೆ ಕಾರಣ ಕ್ಲೋಜಪಿನ್‌ನಿಂದಾದ ಆ ಕಣಗಳ ಇಳಿಕೆಯೇ ಆಗಿರಬಹುದು. ಮೂತ್ರವನ್ನು ಕಲ್ಚರ್‌ಗೆ (ಯಾವ ರೋಗಾಣು ಎಂದು ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ, ಸಿಪ್ರೋಫ್ಲಾಕ್ಸಾಸಿನ್ ಬದಲು ನೈಟ್ರೋಫ್ಯುರಾಂಟೋಯಿನ್ ಕೊಟ್ಟರು. ಆ ರಾತ್ರಿ ಕ್ಲೋಜಪಿನ್ 200ರ ಬದಲು 100, ಮರುದಿನ ನೋಡಿ ಮುಂದಿನದು, ನಾಲ್ಕನೆಯ ದಿನಕ್ಕೆ ಹಳೆಯ ಡೋಸ್. ತಡೆ ತೆಗೆದ ಮೇಲೆ ಕಿಣ್ವ ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತದೆ. ಇಳಿಸಿದ ಡೋಸನ್ನು ಹಾಗೇ ಮರೆತುಬಿಟ್ಟರೆ ಔಷಧ ಸಾಲದೆ ಮತ್ತೆ ಧ್ವನಿಗಳು ಕೇಳಿಸತೊಡಗಬಹುದು.

ಎಲ್ಲ ಆ್ಯಂಟಿಬಯಾಟಿಕ್ಕೂ ಹೀಗಲ್ಲ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಇವು ಈ ಕಿಣ್ವಗಳ ತಂಟೆಗೆ ಹೋಗುವುದಿಲ್ಲ. ಕೋಟ್ರೈಮಾಕ್ಸಜೋಲ್ ಕ್ಲೋಜಪಿನ್ ಮಟ್ಟ ಏರಿಸದಿದ್ದರೂ ಬಿಳಿಕಣ ಇಳಿಸಬಲ್ಲದು, ಹಾಗಾಗಿ ಕ್ಲೋಜಪಿನ್ ಜೊತೆ ಬೇಡ. ಇಂಥದೇ ಇನ್ನೊಂದು ಮನೋರೋಗದ ಔಷಧ ಕ್ವೆಟಿಯಪಿನ್ ತೆಗೆದುಕೊಳ್ಳುವವರಿಗೆ ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ತೊಂದರೆ, ಅಲ್ಲಿ ಮುಚ್ಚುವುದು ಸಿವೈಪಿ3ಎ4 ಎಂಬ ಇನ್ನೊಂದು ಮೋರಿ. ಅದೇ ಬಗೆಯ ಹ್ಯಾಲೊಪೆರಿಡಾಲ್ ಜೊತೆ ಮಾಕ್ಸಿಫ್ಲಾಕ್ಸಾಸಿನ್ ಸೇರಿದರೆ ಹೃದಯದ ಲಯ ಕೆಡುವ ಭಯ. ಕ್ಷಯದ ಔಷಧ ರಿಫಾಂಪಿಸಿನ್‌ದು ಉಲ್ಟಾ ಲೆಕ್ಕ. ಅದು ಕಿಣ್ವಗಳನ್ನು ಚುರುಕಾಗಿಸಿ ಕ್ವೆಟಿಯಪಿನ್, ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಕ್ಲೋಜಪಿನ್ ಎಲ್ಲವನ್ನೂ ರಕ್ತದಲ್ಲಿ ಇಳಿಸುತ್ತದೆ. ಮಾತ್ರೆ ತಪ್ಪದೆ ನುಂಗಿದರೂ ಕಾಯಿಲೆ ಕೆರಳುತ್ತದೆ, "ಮಾತ್ರೆ ಎಸೀತಿದ್ದಾರೆ" ಎಂದು ಮನೆಯವರು ಸುಮ್ಮನೆ ಬೈಯುತ್ತಾರೆ. ಕ್ಷಯದ ಆರು ತಿಂಗಳ ಚಿಕಿತ್ಸೆ ಇದ್ದರೆ ಎರಡೂ ಕಡೆಯ ವೈದ್ಯರು ಮಾತಾಡಿಕೊಳ್ಳಲೇಬೇಕು.

ಅಂಗಡಿಯ ಅಂಜಿಕೆಗೆ ನಾವು ಹೇಳಿದ ದಾರಿ: ಕಾಯಿಲೆಯ ಹೆಸರು ಹೇಳಬೇಕಿಲ್ಲ, ಮಾತ್ರೆಯ ಹೆಸರು ಸಾಕು. ಬಾಯಲ್ಲಿ ಹೇಳಲೂ ಬೇಕಿಲ್ಲ. ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ: "ಕ್ಲೋಜಪಿನ್ 50 + 200. ಸಿಪ್ರೋಫ್ಲಾಕ್ಸಾಸಿನ್, ಎರಿಥ್ರೋಮೈಸಿನ್, ಕೋಟ್ರೈಮಾಕ್ಸಜೋಲ್ ಕೊಡುವ ಮುನ್ನ ಈ ನಂಬರಿಗೆ ಕೇಳಿ", ಕೆಳಗೆ ಮನೋವೈದ್ಯರ ನಂಬರು. ಸ್ಟ್ರಿಪ್ಪನ್ನು ಹೆಸರು ಇರುವ ಕಡೆ ಉಳಿಸಿ ಕತ್ತರಿಸಿ ಕೊಡಿ ಎಂದು ಕೇಳಿ. ವೈದ್ಯರು ರಾತ್ರಿ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಆರನೆಯ ದಿನ ಫೋನ್ ಮಾಡಿದಾಗ ನಾದಿನಿಯೇ ಎತ್ತಿದರು. ಮಾತು ಸ್ಪಷ್ಟವಿತ್ತು, ಕೈ ಜಗ್ಗುವುದು ನಿಂತಿತ್ತು. ಚೀಟಿಯನ್ನು ತಾವೇ ಬರೆದುಕೊಂಡಿದ್ದರು. ಒಂದೇ ಒಂದು ಪ್ರಶ್ನೆ ಇತ್ತು: "ಹಲ್ಲಿನ ಡಾಕ್ಟ್ರಿಗೂ ಇದನ್ನ ತೋರಿಸ್ಬೇಕಾ?" ಹೌದು, ಅವರಿಗೂ.