ಮರುಭೂಮಿಯ ನಡುವೆ ಗಾಡಿ ಕೆಟ್ಟರೆ ನಡೆದು ಹೋಗಬಹುದಾ?

ಪ್ರಶ್ನೆ: ನಾವು ನಾಲ್ವರು ಬೇಸಿಗೆಯಲ್ಲಿ ಒಂದೇ ಕಾರಿನಲ್ಲಿ ಮರುಭೂಮಿ ದಾಟಬೇಕೆಂದಿದ್ದೇವೆ. ಎರಡು ದಿನದ ದಾರಿ. ನಡುವೆ ಊರಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಎಷ್ಟು ನೀರು ಬೇಕು? ಗಾಡಿ ಕೆಟ್ಟರೆ ಒಬ್ಬರು ನಡೆದು ಹೋಗಿ ಸಹಾಯ ತರಬಹುದಾ?

ಉತ್ತರ: ನಡೆಯುವ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಸುಡುಬಿಸಿಲಿನಲ್ಲಿ ನಡೆದರೆ ಗಂಟೆಗೆ ಒಂದು ಲೀಟರ್‌ಗಿಂತ ಜಾಸ್ತಿ ನೀರು ಬೆವರಾಗಿ ಹೋಗಬಹುದು. ಒಣಗಾಳಿಗೆ ಬೆವರು ಆಗಲೇ ಆರಿಬಿಡುತ್ತದೆ, ಹಾಗಾಗಿ ಅದು ಗೊತ್ತೂ ಆಗುವುದಿಲ್ಲ. ಹತ್ತು ಲೀಟರ್ ನೀರೆಂದರೆ ಹತ್ತು ಕಿಲೋ ಭಾರ. ಎಷ್ಟು ದೂರ ಹೊರುತ್ತೀರಿ? ಹುಡುಕಿ ಬರುವವರಿಗೆ ವಿಮಾನದಿಂದ ಕಾರು ಕಾಣುವಷ್ಟು ಸುಲಭವಾಗಿ ಮನುಷ್ಯ ಕಾಣುವುದಿಲ್ಲ. ಕಾರಿನ ಹತ್ತಿರವೇ ಇರಿ. ಒಳಗೆ ಕೂರಬೇಡಿ, ಅದು ಕುಲುಮೆಯಾಗುತ್ತದೆ. ಪಕ್ಕದಲ್ಲಿ ಟಾರ್ಪಾಲಿನ್ ಕಟ್ಟಿ ನೆರಳು ಮಾಡಿಕೊಳ್ಳಿ. ಬರಿ ನೆಲ ಗಾಳಿಗಿಂತ ತುಂಬ ಬಿಸಿ, ಸೀಟು ಬಿಚ್ಚಿ ಹಾಕಿಯಾದರೂ ಸ್ವಲ್ಪ ಎತ್ತರದಲ್ಲಿ ಕೂರಿ.

ನೀರು ತಲೆಗೆ ದಿನಕ್ಕೆ ಕನಿಷ್ಠ ಐದು ಲೀಟರ್ ಬೇಕು. ದಾರಿ ಎರಡು ದಿನದ್ದಾದರೂ ನಾಲ್ಕು ದಿನಕ್ಕೆ ಲೆಕ್ಕ ಹಾಕಿ: 80 ಲೀಟರ್. ಒಂದೇ ಡ್ರಮ್ಮಿನಲ್ಲಿ ತುಂಬಬೇಡಿ, ಅದು ಒಡೆದರೆ ಎಲ್ಲ ಹೋಯಿತು. ಸಣ್ಣ ಕ್ಯಾನುಗಳಲ್ಲಿ ಹಂಚಿಡಿ. ಬಾಯಾರಿದಾಗ ಕುಡಿಯಿರಿ. ನೀರು ಉಳಿಸಲು ಹೋಗಿ ಬಾಟಲಿ ಪಕ್ಕದಲ್ಲೇ ಇದ್ದರೂ ಕುಸಿದು ಬೀಳುವುದುಂಟು. ಉಳಿಸಬೇಕಾದ್ದು ಬೆವರನ್ನು. ಅಗೆಯುವುದು, ರಿಪೇರಿ, ಏನಿದ್ದರೂ ಸಂಜೆ ತಂಪಾದ ಮೇಲೆ. ಯಾರಾದರೂ ತಡವರಿಸಿ ಅಸಂಬದ್ಧವಾಗಿ ಮಾತಾಡತೊಡಗಿದರೆ ಅದು ಬಿಸಿಲಾಘಾತ. ತಡಮಾಡದೆ ಮೈಗೆ ನೀರು ಹಾಕಿ ಗಾಳಿ ಬೀಸಿ, ತುರ್ತು ಸಹಾಯ ಕರೆಯಿರಿ.

ಇನ್ನು ಗಾಡಿ. ಟೈರ್ ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಿ. ಮೆತ್ತನೆ ಮರಳಿನಲ್ಲಿ ಗಾಳಿ ಇಳಿಸಿದರೆ ಟೈರ್ ಅಗಲವಾಗಿ ಹರಡಿಕೊಂಡು ಹೂಳುವುದು ಕಡಿಮೆ. ಆದರೆ ಡಾಂಬರು ರಸ್ತೆಯಲ್ಲಿ ವೇಗ ಹೆಚ್ಚಿಸುವ ಮುಂಚೆ ಮತ್ತೆ ತುಂಬಲೇಬೇಕು, ಇಲ್ಲದಿದ್ದರೆ ಕಾದು ಸಿಡಿಯುತ್ತದೆ. ಅದಕ್ಕೆ ಪಂಪ್ ಜೊತೆಗಿರಲಿ. ಚಕ್ರ ಹೂತಾಗ ಆಕ್ಸಿಲರೇಟರ್ ಒತ್ತುತ್ತಾ ಹೋದರೆ ಇನ್ನೂ ಆಳಕ್ಕಿಳಿಯುತ್ತದೆ. ನಿಲ್ಲಿಸಿ ಮರಳು ತೆಗೆಯಿರಿ. ಎಂಜಿನ್ ಕಾದರೆ ಎಸಿ ಆರಿಸಿ, ಗಾಡಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಾಗುವವರೆಗೆ ಮುಟ್ಟಬೇಡಿ.

ಒಂದೇ ಕಾರಿನಲ್ಲಿ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಗಾಡಿ ಜೊತೆಯಾಗುವವರೆಗೆ ಕಾಯಿರಿ. ಆ ಪ್ರದೇಶದ ಕಾನೂನು ಒಪ್ಪಿದರೆ ಸ್ಯಾಟಲೈಟ್ ಫೋನ್ ಬಾಡಿಗೆಗೆ ತನ್ನಿ. ಹೊರಡುವ ಮುಂಚೆ ಮನೆಯಲ್ಲೊಬ್ಬರಿಗೆ ದಾರಿ, ತಲುಪುವ ಹೊತ್ತು ಬರೆದುಕೊಡಿ. ಯಾವ ಗಂಟೆ ದಾಟಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.