ತುದಿ ಜಜ್ಜಿಹೋದ ಬೆರಳನ್ನು ಪಕ್ಕದ ಬೆರಳಿಗೆ ಹೊಲಿಯುವುದು ಏಕೆ?

ಬೆರಳಿನ ಒಳಬದಿಯ ಚರ್ಮ ಕಿತ್ತುಹೋಗಿ ಮೂಳೆಯೋ ಸ್ನಾಯುರಜ್ಜುವೋ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಬರಿದಾಗಿ ಕಾಣುತ್ತಿದ್ದರೆ, ಅದರ ಮೇಲೆ ತೆಳು ಚರ್ಮದ ಕಸಿ, ಅಂದರೆ ಬೇರೆಡೆಯಿಂದ ಪೂರ್ತಿ ಕಿತ್ತು ತಂದು ಕೂರಿಸುವ ಚರ್ಮ, ಹಿಡಿಯುವುದಿಲ್ಲ; ಕಸಿಗೆ ತಳದಿಂದಲೇ ರಕ್ತ ಸಿಗಬೇಕು. ಅದಕ್ಕೇ ಪಕ್ಕದ ಬೆರಳಿನ ನಡುಭಾಗದ ಬೆನ್ನಿನ ಚರ್ಮವನ್ನು ಅಡಿಯ ಕೊಬ್ಬಿನ ಸಮೇತ ಮೂರು ಬದಿ ಕೊಯ್ದು, ಪುಸ್ತಕದ ಹಾಳೆ ಮಗುಚಿದಂತೆ ತಿರುಗಿಸಿ ಗಾಯಕ್ಕೆ ಹೊಲಿಯುತ್ತಾರೆ. ನಾಲ್ಕನೇ ಬದಿಯಿಂದ ರಕ್ತ ಹರಿಯುತ್ತಿರುತ್ತದೆ. ಚರ್ಮ ಎತ್ತುವಾಗ ಸ್ನಾಯುರಜ್ಜುವಿನ ಮೇಲಿನ ತೆಳು ಪೊರೆ ಉಳಿಯಲೇಬೇಕು, ಇಡೀ ಶಸ್ತ್ರಚಿಕಿತ್ಸೆಯ ಸೂಕ್ಷ್ಮ ಇರುವುದೇ ಇಲ್ಲಿ. ಅದು ಹರಿದರೆ ಚರ್ಮ ಕೊಟ್ಟ ಬೆರಳಿಗೆ ಹಾಕುವ ಕಸಿಯೂ ಕೂರುವುದಿಲ್ಲ. 2ರಿಂದ 3 ವಾರಗಳಲ್ಲಿ ಗಾಯದ ಕಡೆಯಿಂದ ಹೊಸ ರಕ್ತನಾಳಗಳು ಬೆಳೆದ ಮೇಲೆ ಎರಡನ್ನೂ ಬೇರ್ಪಡಿಸುತ್ತಾರೆ. ವಯಸ್ಸಾದವರಲ್ಲಿ, ಸಂಧಿವಾತ ಇರುವವರಲ್ಲಿ ಇಷ್ಟು ದಿನ ಮಡಚಿಟ್ಟ ಗೆಣ್ಣು ಬಿಗಿದುಕೊಳ್ಳುವ ಭಯವಿದೆ. ಬೀಡಿ, ಸಿಗರೇಟು ಮಾತ್ರ ದಯವಿಟ್ಟು ಮುಟ್ಟಬೇಡಿ: ರಕ್ತನಾಳ ಕುಗ್ಗಿ, ಹೊಲಿದ ಚರ್ಮ ಕಪ್ಪಾಗಿ ಸಾಯಬಹುದು.